ಸಾಕುವ ಹಾವಿಗೆ ಪ್ಲಾಸ್ಟಿಕ್ ಟಬ್: ಮುಚ್ಚಳದಿಂದಲೇ ಶುರು ಮಾಡಿ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಾಕ್ಸ್‌ಗಳ ಮುಚ್ಚಳ ಹಾಕಿ, ತೆಗೆದು, ಅಂಚಿನ ಸಂದಿಗೆ ಕಿರುಬೆರಳು ತೂರಿಸಿ ನೋಡುತ್ತಾ ಕಾಲು ಗಂಟೆ ನಿಂತಿದ್ದೆ. ಅಂಗಡಿಯವರಿಗೆ ತಾಳ್ಮೆ ಮುಗಿದಿರಬೇಕು. "ಏನ್ ಇಡಾವ್ರದೀರಿ ಅಕ್ಕಾರ ಇದರಾಗ? ಅಕ್ಕಿನೋ, ಅರಿವಿನೋ?" ಅಂತ ಕೇಳಿದರು. ನಿಜ ಹೇಳಿದೆ. ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಒಳಗೆ ಹೋಗಿ ನಾಲ್ಕೂ ಕಡೆ ಕ್ಲಿಪ್ ಇರುವ ಇನ್ನೊಂದು ಬಾಕ್ಸ್ ತಂದಿಟ್ಟು, "ಹಂಗಿದ್ರ ಇದನ್ನ ನೋಡ್ರಿ, ಇದರ ಮುಚ್ಚಳ ಬಿಗಿ ಐತಿ" ಅಂದರು.

ಅವರು ಹೇಳಿದ್ದೇ ಸರಿ. ಬಟ್ಟೆ ಮುಚ್ಚಳವನ್ನು ನೂಕುವುದಿಲ್ಲ. ಹಾವು ರಾತ್ರಿ ನೂಕಿ ನೋಡುತ್ತದೆ. ಟಬ್ ಎಷ್ಟು ಲೀಟರ್, ಯಾವ ಬಣ್ಣ, ಎಷ್ಟು ಚೆಂದ ಕಾಣುತ್ತದೆ ಎನ್ನುವುದೆಲ್ಲ ಆಮೇಲಿನ ಮಾತು. ಮುಚ್ಚಳ ಹೇಗಿದೆ, ತಳ ಎಷ್ಟು ಅಗಲ ಇದೆ, ನಮ್ಮೂರಿನ ಏಪ್ರಿಲ್ ಬಿಸಿಲಿಗೂ ಜುಲೈ ಮಳೆಗೂ ಅದು ಹೊಂದುತ್ತದಾ, ಈ ಮೂರನ್ನು ಮೊದಲು ನೋಡಿ. ನಾನು ಹಲವು ವರ್ಷಗಳಿಂದ ಹುಬ್ಬಳ್ಳಿಯ ಬಾಡಿಗೆ ಮನೆಗಳಲ್ಲೇ ಹಾವು ಸಾಕಿದ್ದೇನೆ. ಆ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಟಬ್‌ಗಿಂತ ಮೊದಲು ಹಾವಿನ ಮಾತು

ಹೊಲದಲ್ಲಿ ಸಿಕ್ಕ ಹಾವನ್ನು ತಂದು ಟಬ್‌ನಲ್ಲಿ ಇಡುವ ಹಾಗಿಲ್ಲ. ಕೇರೆ ಹಾವು ಇರಲಿ, ಮಣ್ಣುಮುಕ್ಕ ಇರಲಿ, ಹೆಬ್ಬಾವಿನ ಮರಿ ಇರಲಿ, ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಣ್ಣುಮುಕ್ಕವನ್ನು "ಎರಡು ತಲೆ ಹಾವು, ಅದೃಷ್ಟ ತರ್ತದೆ" ಅಂತ ಕದ್ದು ಮಾರುವವರು ಇದ್ದಾರೆ. ಅಂಥವರ ಹತ್ತಿರವೂ ಸುಳಿಯಬೇಡಿ.

ಸಾಮಾನ್ಯವಾಗಿ ಸಾಕುವವು ಹೊರದೇಶದ ಹಾವುಗಳು, ಸಾಕಿದಲ್ಲೇ ಹುಟ್ಟಿದವು. ಆಫ್ರಿಕಾ ಮೂಲದ ಬಾಲ್ ಪೈಥಾನ್ ಒಂದು, ಅಮೆರಿಕ ಮೂಲದ ಕಾರ್ನ್ ಸ್ನೇಕ್ ಇನ್ನೊಂದು. ಎರಡಕ್ಕೂ ವಿಷ ಇಲ್ಲ. ಬಾಲ್ ಪೈಥಾನ್ ಸೈಟಿಸ್ ಪಟ್ಟಿಯಲ್ಲಿದೆ. ಸೈಟಿಸ್ ಅಂದರೆ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. 2022ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿ ಆಯಿತು, 2024ರಲ್ಲಿ ನೋಂದಣಿ ನಿಯಮಗಳು ಬಂದವು. ಹೀಗಾಗಿ ಅಂಥ ಪ್ರಾಣಿ ನಿಮ್ಮ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. ಆದರೂ ಎಲ್ಲಿಂದ ತಂದಿರಿ ಎನ್ನುವುದಕ್ಕೆ ಬಿಲ್ ಇರಲಿ. ಕಾಗದ ಕೊಡದವರಿಂದ ಹಾವು ತಗೊಳ್ಳಬೇಡಿ. ಅದು ಕಾಡಿನಿಂದ ಹಿಡಿದದ್ದೋ ಕದ್ದು ತಂದದ್ದೋ ನಮಗೆ ಗೊತ್ತಾಗುವುದಿಲ್ಲ.

ಕಾರ್ನ್ ಸ್ನೇಕ್ ಅನ್ನುವ ಹೆಸರು ಮೆಕ್ಕೆಜೋಳದಿಂದ ಬಂತು ಅನ್ನುತ್ತಾರೆ. ಜೋಳ ತುಂಬಿಟ್ಟ ಕಣಜಗಳಿಗೆ ಇಲಿ ಹುಡುಕಿಕೊಂಡು ಬರುತ್ತಿತ್ತಂತೆ. ಮೆಕ್ಕೆಜೋಳದ ರಾಶಿ ನೋಡಿಯೇ ಬೆಳೆದ ಹಾವೇರಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೇರೆ ಹಾವು ಮಾಡುವ ಕೆಲಸವೂ ಅದೇ.

ಗಾಜಿನ ಪೆಟ್ಟಿಗೆ ಬಿಟ್ಟು ಟಬ್ ಯಾಕೆ?

ಹಾವಿಗೆ ನಾಲ್ಕೂ ಕಡೆಯಿಂದ ಕಾಣುವ ಗಾಜಿಗಿಂತ ಮಬ್ಬಾದ, ಮುಚ್ಚಿದ ಜಾಗ ಹಿತ. ಬಾಲ್ ಪೈಥಾನ್ ಅಂತೂ ಕಾಡಿನಲ್ಲಿ ಹಗಲು ಹೊತ್ತು ಬಿಲದಲ್ಲೇ ಕಳೆಯುವ ಹಾವು. ಗಾಜಿನ ಪೆಟ್ಟಿಗೆಯ ಮೇಲೆ ಜಾಲರಿ ಇದ್ದರೆ ತೇವವೆಲ್ಲ ಹಾರಿಹೋಗುತ್ತದೆ. ಟಬ್ ತೇವ ಹಿಡಿದಿಡುತ್ತದೆ. ಹಗುರ, ತೊಳೆಯುವುದು ಸುಲಭ, ಒಡೆಯುವ ಭಯ ಕಡಿಮೆ, ದುಡ್ಡೂ ಕಡಿಮೆ.

ಹಾಗಂತ ಟಬ್ಬೇ ಎಲ್ಲದಕ್ಕೂ ಸರಿ ಅಂತಲ್ಲ. ಮರಿಗೆ, ಎಳೆ ಹಾವಿಗೆ, ಹೊಸದಾಗಿ ತಂದು ಬೇರೆ ಇಡಬೇಕಾದ ಹಾವಿಗೆ, ಕಾಯಿಲೆ ಬಿದ್ದ ಹಾವಿಗೆ ಟಬ್‌ಗಿಂತ ಒಳ್ಳೆಯದಿಲ್ಲ. ಬೆಳೆದ ಬಾಲ್ ಪೈಥಾನ್‌ಗೂ ದೊಡ್ಡ ಟಬ್ ಆದೀತು. ಬೆಳೆದ ಕಾರ್ನ್ ಸ್ನೇಕ್‌ಗೆ ಮಾತ್ರ ಬೇಡ ಅನ್ನುತ್ತೇನೆ. ಅದು ಓಡಾಡುವ, ಹತ್ತುವ ಹಾವು. 4 ಅಡಿ ಉದ್ದ, 2 ಅಡಿ ಅಗಲದ ಮರದ ಅಥವಾ ಪ್ಲಾಸ್ಟಿಕ್ ಹಲಗೆಯ ಗೂಡು ಮಾಡಿಸಿ, ಒಳಗೆ ಕೊಂಬೆ ಇಡಿ. ಜಾಗ ಇಲ್ಲದವರು ಕಾರ್ನ್ ಸ್ನೇಕ್ ತರುವ ಮೊದಲೇ ಯೋಚಿಸಬೇಕು.

ಅಳತೆ: ಲೀಟರ್ ಬಿಡಿ, ತಳ ಅಳೆಯಿರಿ

ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಬಾಕ್ಸ್‌ನ ಮೇಲೆ ಬರೆದ ಲೀಟರ್ ಲೆಕ್ಕ ಎತ್ತರವನ್ನೂ ಸೇರಿಸಿ ಮಾಡಿದ್ದು. ಹಾವು ಇರುವುದು ನೆಲದ ಮೇಲೆ. ಅದಲ್ಲದೆ ಈ ಬಾಕ್ಸ್‌ಗಳು ಕೆಳಗೆ ಹೋದಂತೆ ಕಿರಿದಾಗುತ್ತವೆ. ಮೇಲೆ 60 ಸೆಂ.ಮೀ. ಕಂಡದ್ದು ತಳದಲ್ಲಿ 50 ಇರಬಹುದು. ಆದ್ದರಿಂದ ಒಳಗೆ ಕೈ ಹಾಕಿ ತಳವನ್ನೇ ಅಳೆಯಬೇಕು.

ಹಳಬರು ಹೇಳುವ ಲೆಕ್ಕ ಒಂದಿದೆ: ತಳದ ಉದ್ದ ಮತ್ತು ಅಗಲ ಕೂಡಿಸಿದರೆ ಹಾವಿನ ಉದ್ದಕ್ಕಿಂತ ಕಡಿಮೆ ಇರಬಾರದು. ಅದು ಕನಿಷ್ಠ. ಅದಕ್ಕಿಂತ ದೊಡ್ಡದು ಸಿಕ್ಕರೆ ತಗೊಳ್ಳಿ. ಹಾವು ಬೇಕೆಂದಾಗ ಮೈ ಚಾಚುವಷ್ಟು ಜಾಗ ಇದ್ದರೆ ಇನ್ನೂ ಒಳ್ಳೆಯದು.

ಅಂದಾಜು ಸಿಗಲಿ ಅಂತ ಹೇಳುವುದಾದರೆ, ಮರಿಗೆ 35 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತಳ ಸಾಕು. ಹಾವು ಎರಡೂವರೆ ಅಡಿ ದಾಟಿದಾಗ 60ಕ್ಕೆ 40 ಬೇಕು. ಬೆಳೆದ ಬಾಲ್ ಪೈಥಾನ್ ಸಾಮಾನ್ಯವಾಗಿ 3ರಿಂದ 4 ಅಡಿ, ಹೆಣ್ಣು 5 ಅಡಿ ತನಕವೂ ಬೆಳೆಯುತ್ತದೆ. 4 ಅಡಿಯದಕ್ಕೆ 90ಕ್ಕೆ 50 ಸೆಂ.ಮೀ.ಗಿಂತ ಕಡಿಮೆ ಬೇಡ, 5 ಅಡಿಯದಕ್ಕೆ ಮೇಲಿನ ಲೆಕ್ಕದಂತೆ ಇನ್ನೂ ದೊಡ್ಡದು ಬೇಕು. ಈ ಅಳತೆಯ ಬಾಕ್ಸ್ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ. ಮಂಚದ ಕೆಳಗೆ ಹಾಸಿಗೆ, ರಗ್ಗು ಇಡಲು ಮಾಡಿದ ಅಗಲವಾದ, ತಗ್ಗಾದ ಬಾಕ್ಸ್ ಕೇಳಿ ನೋಡಿ.

ಮರಿ ತಂದವರು ಹಲವರು ಒಂದೇ ಸಲಕ್ಕೆ ದೊಡ್ಡ ಟಬ್ ತಗೊಂಡು ಅದರೊಳಗೆ ಒಂದು ನೀರಿನ ಬಟ್ಟಲು ಮಾತ್ರ ಇಡುತ್ತಾರೆ. ಬಯಲಿನಲ್ಲಿ ಬಿಟ್ಟ ಹಾಗೆ ಆಗುತ್ತದೆ ಅದಕ್ಕೆ. ಹೆದರಿ ಊಟ ಬಿಡುತ್ತದೆ. ದೊಡ್ಡದರಿಂದ ತೊಂದರೆ ಅಲ್ಲ, ಖಾಲಿ ಇರುವುದರಿಂದ ತೊಂದರೆ. ಅಡಗಲು ಜಾಗ ತುಂಬಿಕೊಟ್ಟರೆ ದೊಡ್ಡದರಲ್ಲೂ ಮರಿ ಚೆನ್ನಾಗಿರುತ್ತದೆ.

ಅಂಗಡಿಯಲ್ಲಿ ಏನೇನು ನೋಡಬೇಕು

"ಟಬ್" ಅಂತ ಕೇಳಿದರೆ ನಮ್ಮಲ್ಲಿ ಬಟ್ಟೆ ನೆನೆಸುವ ದುಂಡನೆಯ ಟಬ್ ತಂದುಕೊಡುತ್ತಾರೆ. "ಮುಚ್ಚಳ, ಕ್ಲಿಪ್ ಇರುವ ಸ್ಟೋರೇಜ್ ಬಾಕ್ಸ್" ಅಂತ ಕೇಳಿ.

ಮೊದಲು ಬಾಕ್ಸ್ ಬೋರಲು ಹಾಕಿ. ತಳದಲ್ಲಿ ಬಾಣದ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ಪಿಪಿ ಅಂತಲೂ ಬರೆದಿರುತ್ತಾರೆ. ಶಾಖ ತಾಳುತ್ತದೆ, ಬಾಗುತ್ತದೆ, ಬೇಗ ಸೀಳುವುದಿಲ್ಲ. ನನಗೆ ಇದೇ ಮೊದಲ ಆಯ್ಕೆ. 2 ಅಂದರೆ ಎಚ್‌ಡಿಪಿಇ, ಅದೂ ಆಗುತ್ತದೆ. 6 ಅಂದರೆ ಪಾಲಿಸ್ಟೈರೀನ್. ಗಾಜಿನ ಹಾಗೆ ಹೊಳೆಯುತ್ತದೆ, ಆದರೆ ತೂತು ಕೊರೆಯುವಾಗಲೇ ಬಿರುಕು ಬಿಡುತ್ತದೆ. ಬೇಡ. ಅಂಕಿಯೇ ಇಲ್ಲದ, ಕಪ್ಪು ಬಣ್ಣದ, ಘಾಟು ವಾಸನೆಯ ಬಾಕ್ಸ್ ಎಷ್ಟು ಅಗ್ಗವಾದರೂ ಬಿಡಿ. ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ನೋಡಿ. ನಿಮಗೇ ಕೆಮ್ಮು ಬಂದರೆ ಹಾವು ಅದರೊಳಗೆ ಇಪ್ಪತ್ನಾಲ್ಕು ತಾಸು ಹೇಗೆ ಇದ್ದೀತು?

ಆಮೇಲೆ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಡಬ್ಬಿಯ ತಗಡಿನ ಹಾಗೆ ಟಕ್ ಟಕ್ ಅಂತ ಒಳಗೆ ಹೊರಗೆ ಆಡಿದರೆ ತೆಳು. ಮುಚ್ಚಳ ಹಾಕಿದಾಗ ಅಂಥ ಗೋಡೆ ನಡುವೆ ಬಾಗಿ ಸಂದಿ ಬಿಡುತ್ತದೆ.

ತಳ ಸಪಾಟಾಗಿರಲಿ. ಚಕ್ರ ಇರುವ ಬಾಕ್ಸ್ ಎಳೆದಾಡಲು ಅನುಕೂಲ, ನಿಜ. ಆದರೆ ಚಕ್ರಕ್ಕಾಗಿ ತಳದಲ್ಲಿ ಗುಂಡಿ, ಏಣು ಎಲ್ಲ ಇರುತ್ತವೆ. ಟಬ್ ಅಡಿಗೆ ಇಡುವ ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ತೆಳು ಹಾಳೆ) ಎಲ್ಲ ಕಡೆ ತಾಕುವುದಿಲ್ಲ, ಶಾಖ ಒಂದೊಂದು ಕಡೆ ಒಂದೊಂದು ತರಹ ಆಗುತ್ತದೆ. ಚಕ್ರ ಇಲ್ಲದ್ದೇ ಇರಲಿ.

ಬಣ್ಣ? ಹಾಲು ಬೆರೆಸಿದ ನೀರಿನ ಹಾಗೆ ಮಬ್ಬು ಪಾರದರ್ಶಕ ಇದ್ದರೆ ಸಾಕು. ಹಗಲು ರಾತ್ರಿ ಹಾವಿಗೆ ಗೊತ್ತಾಗುತ್ತದೆ, ಮನೆಯವರ ಓಡಾಟ ಕಾಣುವುದಿಲ್ಲ.

ಮುಚ್ಚಳ

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲೇ.

ನನ್ನ ಮೊದಲ ಕಾರ್ನ್ ಸ್ನೇಕ್ ಮರಿ ಪೆನ್ಸಿಲ್‌ನಷ್ಟು ದಪ್ಪ ಇತ್ತು. ಬಟ್ಟೆ ಇಡುವ ಬಾಕ್ಸ್ ಒಂದನ್ನು ಅದಕ್ಕೆ ಕೊಟ್ಟಿದ್ದೆ. ಎರಡು ತುದಿಗೆ ಎರಡು ಕ್ಲಿಪ್. ತುದಿಗಳಲ್ಲಿ ಬಿಗಿಯಾಗೇ ಕೂತಿತ್ತು. ಉದ್ದದ ಬದಿಯ ನಡುವೆ ಮುಚ್ಚಳ ಎಳ್ಳಷ್ಟು ಉಬ್ಬಿದ್ದನ್ನು ನಾನು ನೋಡಿರಲಿಲ್ಲ. ಒಂದು ಬೆಳಿಗ್ಗೆ ಟಬ್ ಖಾಲಿ. ಮುಚ್ಚಳ ಹಾಕಿದ ಹಾಗೇ ಇದೆ, ಕ್ಲಿಪ್ ಹಾಕಿದ ಹಾಗೇ ಇದೆ, ಹಾವು ಇಲ್ಲ.

ಅವ್ವ ಮೂರು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ನಾನು ರಾತ್ರಿ ಪ್ರತಿ ಬಾಗಿಲ ಹೊಸ್ತಿಲಿಗೆ ತೆಳ್ಳಗೆ ಜೋಳದ ಹಿಟ್ಟು ಉದುರಿಸಿ ಮಲಗುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಹಿಟ್ಟಿನಲ್ಲಿ ಒಂದು ಗೆರೆ. ದಾರ ಎಳೆದ ಹಾಗೆ, ಅಂಕುಡೊಂಕು. ಅದರ ಜಾಡು ಹಿಡಿದು ಫ್ರಿಜ್ ಸರಿಸಿದೆ. ಹಿಂದೆ, ಬೆಚ್ಚಗಿರುವ ಕಂಪ್ರೆಸರ್ ಪಕ್ಕ, ಸುರುಳಿ ಸುತ್ತಿ ಮಲಗಿತ್ತು. ಮೈಗೆಲ್ಲ ಧೂಳು, ಜೇಡರ ಬಲೆ. ಜೀವಕ್ಕೆ ಏನೂ ಆಗಿರಲಿಲ್ಲ. ಅವತ್ತು ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ಅದಕ್ಕೇ ಹೇಳುವುದು, ಅಂಗಡಿಯಲ್ಲೇ ಮುಚ್ಚಳ ಹಾಕಿ ಕ್ಲಿಪ್ ಒತ್ತಿ, ಉದ್ದದ ಬದಿಯ ನಡುಭಾಗವನ್ನು ಉಗುರಿನಿಂದ ಎತ್ತಲು ನೋಡಿ. ಕಿರುಬೆರಳಿನ ತುದಿ ಹೋಗುವ ಹಾಗಿದ್ದರೆ ಎಳೆ ಹಾವು ಹೋಗುತ್ತದೆ. ಮರಿಗಾದರೆ ಪೆನ್ಸಿಲ್ ಹೋಗುವ ಸಂದಿಯೂ ದೊಡ್ಡದೇ. ತಲೆ ಹೋದಲ್ಲಿ ಮೈ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಾಲ್ಕೂ ಬದಿಗೆ ಕ್ಲಿಪ್ ಇರುವುದನ್ನೇ ಆರಿಸಿ. ಇರುವ ಟಬ್‌ಗೆ ಎರಡೇ ಕ್ಲಿಪ್ ಇದ್ದರೆ ಕಾಗದಕ್ಕೆ ಹಾಕುವ ದೊಡ್ಡ ಬೈಂಡರ್ ಕ್ಲಿಪ್‌ಗಳನ್ನು ಉದ್ದದ ಬದಿಗೆ ಹಾಕಿ, ಮೇಲೆ ಬೈಕಿಗೆ ಲಗೇಜ್ ಕಟ್ಟುವ ಎಲಾಸ್ಟಿಕ್ ಹಗ್ಗ ಬಿಗಿಯಿರಿ. ಮೇಲೆ ಇಟ್ಟಿಗೆ, ಪುಸ್ತಕ ಇಡುವುದನ್ನು ನಂಬಬೇಡಿ. ಬೆಳೆದ ಬಾಲ್ ಪೈಥಾನ್ ಭಾರವನ್ನೂ ಎತ್ತುತ್ತದೆ.

ಸಂದಿ ಮುಚ್ಚಲು ಒಳಗಡೆ ಅಂಟು ಟೇಪ್ ಹಚ್ಚಲೇಬೇಡಿ. ಹಾವು ಅಂಟಿಕೊಂಡರೆ ಬಿಡಿಸುವಾಗ ಚರ್ಮ ಕಿತ್ತು ಬರುತ್ತದೆ. ಟೇಪ್ ಹಚ್ಚಲೇಬೇಕೆಂದರೆ ಹೊರಗೆ ಮಾತ್ರ, ಅದೂ ಅಂಟಿನ ಅಂಚು ಒಳಗೆ ಇಣುಕದಂತೆ.

ನಮ್ಮ ಕಡೆಗೆ ಮಾತ್ರ ಸೇರಿದ ಒಂದು ಎಚ್ಚರಿಕೆ. ಟಬ್ ಖಾಲಿ ಆದ ದಿನ ಮನೆಯಲ್ಲಿ ಹಾವು ಕಂಡರೆ ಅದು ನಿಮ್ಮದೇ ಅಂತ ಕೈ ಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಮನೆಗಳಿಗೆ ಕಟ್ಟುಹಾವು, ನಾಗರಹಾವು ಬರುವುದು ಹೊಸದೇನಲ್ಲ. ಟಾರ್ಚ್ ಬೆಳಕು ಬಿಟ್ಟು ಪೂರ್ತಿ ಮೈ ನೋಡಿ. ಒಂದಿಷ್ಟು ಅನುಮಾನ ಇದ್ದರೂ ಹಾವು ಹಿಡಿಯುವವರನ್ನು ಕರೆಸಿ. ಟಬ್‌ನ ಮೇಲೆ ಹಾವಿನ ಹೆಸರು, "ವಿಷವಿಲ್ಲ" ಅಂತ ದೊಡ್ಡದಾಗಿ ಬರೆದ ಚೀಟಿ ಅಂಟಿಸಿ. ಪಕ್ಕದ ಮನೆಯವರಿಗೂ ಹೇಳಿಡಿ. ಗೊತ್ತಿಲ್ಲದೆ ಕಂಡರೆ ಮೊದಲು ಬಡಿಗೆ ತಗೊಳ್ಳುತ್ತಾರೆ, ಆಮೇಲೆ ವಿಚಾರಿಸುತ್ತಾರೆ.

ಗಾಳಿಗೆ ತೂತು

ಹೊಸ ಬಾಕ್ಸ್ ತಂದ ಮೇಲೆ ಪಾತ್ರೆ ಸೋಪಿನಿಂದ ತೊಳೆದು, ಎರಡು ಮೂರು ದಿನ ಮುಚ್ಚಳ ತೆಗೆದು ನೆರಳಿನಲ್ಲಿ ಗಾಳಿಗಿಡಿ. ಆಮೇಲೆ ತೂತು.

ಡ್ರಿಲ್ ಇದ್ದರೆ ಹಿಂದೆ ಮರದ ತುಂಡು ಒತ್ತಿಹಿಡಿದು ಒಳಗಿನಿಂದ ಹೊರಗೆ ಕೊರೆಯಿರಿ. ಹೀಗೆ ಮಾಡಿದರೆ ಚೂಪಾದ ಅಂಚು ಹೊರಗೆ ಬರುತ್ತದೆ, ಹಾವಿನ ಮೂಗಿಗೆ ತಾಗುವುದಿಲ್ಲ. ಡ್ರಿಲ್ ಇಲ್ಲದವರು ಸಾಲ್ಡರಿಂಗ್ ಐರನ್ ಬಳಸುತ್ತಾರೆ. ಹಾಗೆ ಮಾಡುವುದಾದರೆ ಅಂಗಳದಲ್ಲೋ ಮಾಳಿಗೆ ಮೇಲೋ ಕೂತು ಮಾಡಿ. ಸುಡುವ ಪ್ಲಾಸ್ಟಿಕ್ಕಿನ ಹೊಗೆ ನಿಮಗೂ ಒಳ್ಳೆಯದಲ್ಲ. ತೂತಿನ ಸುತ್ತ ಬೆರಳಾಡಿಸಿ, ಚುಚ್ಚುವುದನ್ನು ಮರಳು ಕಾಗದದಿಂದ ಉಜ್ಜಿ.

ಮರಿಗೆ 3 ಮಿ.ಮೀ., ಬೆಳೆದದ್ದಕ್ಕೆ 5ರಿಂದ 6 ಮಿ.ಮೀ. ತೂತು ಸಾಕು. ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ ಮಾಡಿ, ಗಾಳಿ ಅಡ್ಡ ಹಾಯಬೇಕು. ಮೊದಲ ದಿನವೇ ಜರಡಿ ಮಾಡಿಬಿಡಬೇಡಿ. ಒಂದೊಂದು ಬದಿಗೆ ಹತ್ತು ಹನ್ನೆರಡು ಮಾಡಿ ನೋಡಿ. ಗೋಡೆಯಲ್ಲಿ ಬೆವರಿನ ಹಾಗೆ ನೀರು ಕೂತರೆ ಇನ್ನೊಂದು ಸಾಲು ಸೇರಿಸಿ. ತೂತು ಸೇರಿಸಬಹುದು, ಮುಚ್ಚುವುದು ಕಷ್ಟ.

ಶಾಖ

ಹಾವಿನ ಮೈ ತನ್ನಷ್ಟಕ್ಕೆ ಬೆಚ್ಚಗಾಗುವುದಿಲ್ಲ. ಬಿಸಿ ಬೇಕಾದಾಗ ಬಿಸಿ ಕಡೆಗೆ, ತಂಪು ಬೇಕಾದಾಗ ತಂಪಿನ ಕಡೆಗೆ ಹರಿದು ಹೋಗುತ್ತದೆ. ಟಬ್ ಉದ್ದ ಇರಬೇಕು ಅನ್ನುವುದು ಇದಕ್ಕೇ. ಚೌಕದ ಟಬ್‌ನಲ್ಲಿ ಎರಡು ಹವೆ ಮಾಡುವುದು ಕಷ್ಟ.

ಬಾಲ್ ಪೈಥಾನ್‌ಗೆ ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25ರಿಂದ 27. ಕಾರ್ನ್ ಸ್ನೇಕ್‌ಗೆ 29-30 ಒಂದು ಕಡೆ, 22ರಿಂದ 25 ಇನ್ನೊಂದು ಕಡೆ. ಟಬ್‌ನ ಕೆಳಗೆ, ಹೊರಗಡೆ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಹೀಟ್ ಮ್ಯಾಟ್ ಇಡಿ. ಥರ್ಮೋಸ್ಟಾಟ್, ಅಂದರೆ ಶಾಖವನ್ನು ಹಿಡಿತದಲ್ಲಿಡುವ ಸಾಧನ, ಇಲ್ಲದೆ ಮ್ಯಾಟ್ ಹಚ್ಚಲೇಬೇಡಿ. ಬರಿ ಮ್ಯಾಟ್ ಚರ್ಮ ಸುಡುವಷ್ಟು ಕಾಯುತ್ತದೆ, ಹೊಟ್ಟೆಯಡಿ ಸುಡುತ್ತಿದ್ದರೂ ಹಾವು ಬೇಗ ಸರಿಯುವುದಿಲ್ಲ. ದುಡ್ಡು ಉಳಿಸಬೇಕೆಂದರೆ ಟಬ್‌ನಲ್ಲಿ ಉಳಿಸಿ, ಥರ್ಮೋಸ್ಟಾಟ್‌ನಲ್ಲಿ ಬೇಡ. ಅದರ ಪ್ರೋಬನ್ನು (ಶಾಖ ಅಳೆಯುವ ತಂತಿಯ ತುದಿ) ಮ್ಯಾಟ್ ಮತ್ತು ಟಬ್‌ನ ತಳದ ನಡುವೆ ಇಡಿ. ಒಳಗಿಟ್ಟರೆ ಹಾವು ಅದನ್ನು ಎಳೆದಾಡುತ್ತದೆ, ನೀರು ಚೆಲ್ಲಿದರೆ ಪ್ರೋಬ್ ತಣ್ಣಗಾಗಿ ಮ್ಯಾಟ್ ಉರಿಯುತ್ತಲೇ ಇರುತ್ತದೆ. ಒಳಗಿನ ನೆಲ ಎಷ್ಟು ಬಿಸಿ ಅಂತ ಬೇರೆ ಥರ್ಮಾಮೀಟರ್‌ನಲ್ಲಿ ನೋಡಿ ಥರ್ಮೋಸ್ಟಾಟ್ ಹೊಂದಿಸಿ. ಟಬ್‌ನ ಮೂಲೆಗಳಿಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿ, ಅಡಿಯಲ್ಲಿ ಅರ್ಧ ಸೆಂ.ಮೀ. ಗಾಳಿ ಆಡುವಂತೆ ಮಾಡಿ. ಮೇಲಿನಿಂದ ಬಲ್ಬ್ ಹಾಕುವುದು ಟಬ್‌ಗೆ ಆಗದು, ಮುಚ್ಚಳ ಕರಗುತ್ತದೆ.

ನಮ್ಮೂರಿನ ಹವೆಗೆ

ಪುಸ್ತಕದ ಲೆಕ್ಕಗಳು ಚಳಿ ದೇಶದವರು ಬರೆದವು. ಅವರ ಚಿಂತೆ ಹಾವಿಗೆ ಬಿಸಿ ಮಾಡುವುದು ಹೇಗೆ ಅನ್ನುವುದು. ನಮ್ಮದು ಏಪ್ರಿಲ್, ಮೇನಲ್ಲಿ ತಂಪು ಮಾಡುವುದು ಹೇಗೆ ಅನ್ನುವುದು. ಹುಬ್ಬಳ್ಳಿ, ಗದಗಿನಲ್ಲಿ ಆಗ ಹೊರಗೆ 37-38 ಡಿಗ್ರಿ ಸಾಮಾನ್ಯ. ಮೇಲ್ಮಹಡಿಯ ಸ್ಲ್ಯಾಬ್ ಮನೆಯಲ್ಲಿ ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಬಿಸಿ. ಪತ್ರಾಸಿನ ಮನೆಯ ಮಾತು ಕೇಳುವುದೇ ಬೇಡ. ಟಬ್‌ನೊಳಗೆ ಎಲ್ಲ ಕಡೆ 35 ದಾಟಿದರೆ ಹಾವಿಗೆ ಓಡಲು ಜಾಗವಿಲ್ಲ. ಅದು ಸಾಯುವುದು ಚಳಿಗಿಂತ ಬೇಗ ಈ ಬಿಸಿಗೆ.

ಹಾಗಾಗಿ ಟಬ್ ಇಡುವ ಜಾಗವನ್ನು ಬೇಸಿಗೆ ನೋಡಿಯೇ ಆರಿಸಿ. ಪಡಸಾಲೆಯ ನೆರಳಿನ ಗೋಡೆ, ನೆಲಮಹಡಿಯ ಒಳಕೋಣೆ ಒಳ್ಳೆಯದು. ಪಶ್ಚಿಮದ ಕಿಟಕಿ ಬೇಡ. ಮುಚ್ಚಿದ ಟಬ್ ಮೇಲೆ ನೇರ ಬಿಸಿಲು ಬಿದ್ದರೆ ನಿಲ್ಲಿಸಿದ ಕಾರಿನ ಹಾಗೆ ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಬೇಸಿಗೆಯಲ್ಲಿ ನಾನು ಹಗಲು ಮ್ಯಾಟ್ ಆರಿಸಿಬಿಡುತ್ತೇನೆ. ತೀರಾ ಸೆಕೆ ಇದ್ದ ಮಧ್ಯಾಹ್ನ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಟಬ್‌ನ ತಂಪು ತುದಿಗೆ ಹೊರಗಿನಿಂದ ತಾಗಿಸಿ ಇಡುತ್ತೇನೆ. ಒಳಗೆ ಇಡುವುದಿಲ್ಲ.

ಧಾರವಾಡದವರದು ಇನ್ನೊಂದು ಬಗೆ. ಜೂನ್‌ನಿಂದ ಆಗಸ್ಟ್ ತನಕ ಜಿಟಿಜಿಟಿ ಮಳೆ ಹಿಡಿದರೆ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದು. ಟಬ್‌ನೊಳಗೆ ತೇವ ಏರಿ ಬೂಸಲು ಬರುತ್ತದೆ. ಒದ್ದೆ ನೆಲದಲ್ಲೇ ಬಿದ್ದಿದ್ದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆ ಏಳುತ್ತದೆ. ಈ ಮೂರು ತಿಂಗಳಿಗೆ ತೂತು ಜಾಸ್ತಿ ಇರುವ ಎರಡನೇ ಮುಚ್ಚಳ ಇಟ್ಟುಕೊಂಡರೆ ಬಹಳ ಅನುಕೂಲ. ಅದೇ ಬಾಕ್ಸ್ ಎರಡು ಕೊಂಡರೆ ಆಯಿತು. ಒಂದು ತೊಳೆದು ಒಣಗುವಾಗ ಇನ್ನೊಂದು ಬಳಕೆಗೆ ಸಿಗುತ್ತದೆ. ಬಾಲ್ ಪೈಥಾನ್‌ಗೆ ಶೇಕಡಾ 55ರಿಂದ 70ರಷ್ಟು ತೇವಾಂಶ, ಕಾರ್ನ್ ಸ್ನೇಕ್‌ಗೆ 40ರಿಂದ 60 ಇದ್ದರೆ ಸರಿ. ಗದಗಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಇದು ಉಲ್ಟಾ. ಪೊರೆ ತುಂಡು ತುಂಡಾಗಿ ಬಂದರೆ, ಕಣ್ಣ ಮೇಲಿನ ಪೊರೆ ಉಳಿದರೆ ತೇವ ಸಾಲದು ಅಂತ ತಿಳಿಯಿರಿ. ಆಗ ಒದ್ದೆ ಟಿಶ್ಯೂ ಹಾಕಿದ ಮುಚ್ಚಳದ ಡಬ್ಬಿಗೆ ಬಾಗಿಲು ಕತ್ತರಿಸಿ ಒಳಗಿಡಿ.

ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮ್ಯಾಟ್ ನೆಲ ಕಾಯಿಸುತ್ತದೆ, ಗಾಳಿಯನ್ನಲ್ಲ. ಟಬ್‌ನ ಮೂರು ಬದಿಗೆ ಥರ್ಮೊಕೋಲ್ ಹಲಗೆ ಆನಿಸಿ, ತೂತು ಮುಚ್ಚದಂತೆ ಕಂಬಳಿ ಹೊದಿಸಿ. ಕರೆಂಟ್ ಹೋದರೆ? ಸಣ್ಣ ಮ್ಯಾಟ್ 10-20 ವ್ಯಾಟ್ ಮಾತ್ರ ಎಳೆಯುತ್ತದೆ, ಮನೆಯ ಇನ್ವರ್ಟರ್ ಲೈನಿಗೆ ಕೊಟ್ಟುಬಿಡಿ.

ಒಳಗೆ ಏನಿಡಬೇಕು

ಹೊಸಬರು ಹಳೆ ಪೇಪರ್ ಅಥವಾ ಬಿಳಿ ಟಿಶ್ಯೂ ಹಾಸಿ. ಹೇಲು ಹೇಗಿದೆ, ಹುಳ ಇದೆಯಾ ಅಂತ ಕಾಣುತ್ತದೆ. ಆಮೇಲೆ ಬೇಕಾದರೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ನರ್ಸರಿಗಳಲ್ಲಿ ಸಿಗುತ್ತದೆ. ನೆನೆಸಿ, ಎರಡು ಮೂರು ಸಲ ತೊಳೆದು ಉಪ್ಪು ತೆಗೆದು, ಹಿಂಡಿ ಆರಿಸಿ ಹಾಕಿ. ಬಡಗಿ ಅಂಗಡಿಯ ಮರದ ಪುಡಿ ಬೇಡ, ಮರಳೂ ಬೇಡ.

ಅಡಗುವ ಗೂಡು ಎರಡು ಬೇಕು. ಬೆಚ್ಚಗಿನ ತುದಿಗೊಂದು, ತಂಪು ತುದಿಗೊಂದು. ಒಂದೇ ಇಟ್ಟರೆ ಹಾವು ಶಾಖ ಬಿಡುತ್ತದೆ, ಅಡಗುವುದನ್ನು ಬಿಡುವುದಿಲ್ಲ. ಕುಂಬಾರರ ಹತ್ತಿರ ಸಿಗುವ ಸಣ್ಣ ಮಣ್ಣಿನ ಕುಡಿಕೆಗಿಂತ ಒಳ್ಳೆಯ ಗೂಡು ನಾನು ಕಂಡಿಲ್ಲ. ಬೋರಲು ಹಾಕಿ, ಬಾಯಿಯ ಒಂದು ಬದಿಯನ್ನು ಮೆಲ್ಲಗೆ ಒಡೆದು, ಕಲ್ಲಿಗೆ ಉಜ್ಜಿ ನುಣುಪು ಮಾಡಿ. ಹಾವಿನ ಬೆನ್ನಿಗೆ ಮಣ್ಣು ತಾಗುವಷ್ಟು ಇಕ್ಕಟ್ಟಿದ್ದರೆ ಅದಕ್ಕೆ ನೆಮ್ಮದಿ. ನೀರಿಗೆ ಭಾರವಾದ ಪಿಂಗಾಣಿ ಬಟ್ಟಲು. ಹಾಲು ಅಲ್ಲ, ನೀರು. ಪಂಚಮಿ ದಿನ ಹುತ್ತಕ್ಕೆ ಹಾಲೆರೆಯುವ ಮನೆಯಲ್ಲಿ ಬೆಳೆದವಳು ನಾನು, ಆ ಭಕ್ತಿಯ ಬಗ್ಗೆ ಗೌರವ ಇದೆ. ಆದರೆ ಹಾವಿನ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ.

ಇರುವೆ ಬರುತ್ತವೆ, ಖಂಡಿತ ಬರುತ್ತವೆ. ಟಬ್ ಇಟ್ಟ ಮೇಜಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಇರುವೆ ಸೀಮೆಸುಣ್ಣ, ಸೊಳ್ಳೆ ಸ್ಪ್ರೇ, ಫಿನೈಲ್ ಆ ಕೋಣೆಗೇ ಬೇಡ. ಮುಚ್ಚಿದ ಟಬ್‌ನಲ್ಲಿ ಆ ಗಾಳಿಯನ್ನೇ ಹಾವು ಉಸಿರಾಡಬೇಕು. ನೀರಿನ ಬಟ್ಟಲಲ್ಲಿ ಕರಿ ಎಳ್ಳಿನ ಪುಡಿಯ ಹಾಗೆ ಚುಕ್ಕೆಗಳು ತೇಲಿದರೆ ಅದು ಇರುವೆಯಲ್ಲ, ಹಾವಿನ ಉಣ್ಣೆಹುಳ. ತಕ್ಷಣ ಪಶುವೈದ್ಯರಿಗೆ ತೋರಿಸಿ. ಹಾವು ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲ, ಹಾವು ತರುವ ಮೊದಲೇ ಒಬ್ಬರ ನಂಬರ್ ಹುಡುಕಿಡಿ.

ಹಾವು ಬಿಡುವ ಮೊದಲು

ಎಲ್ಲ ಜೋಡಿಸಿದ ಮೇಲೆ ಮೂರು ದಿನ ಖಾಲಿ ಟಬ್ ನಡೆಸಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹನ್ನೊಂದಕ್ಕೆ ಎರಡೂ ತುದಿಯ ಶಾಖ, ತೇವ ಒಂದು ಹಾಳೆಯಲ್ಲಿ ಬರೆದಿಡಿ. ಜನ ಬಿಟ್ಟುಬಿಡುವುದು ಇದೇ ಹೆಜ್ಜೆ. ಹಾವು ಮನೆಗೆ ಬಂದಿರುತ್ತದೆ, ಕಾಯುವ ಮನಸ್ಸಿರುವುದಿಲ್ಲ. ಆದರೆ ಒಂದು ತಪ್ಪು ಖಾಲಿ ಟಬ್‌ನಲ್ಲಿ ಗೊತ್ತಾದರೆ ಬರಿ ಅಂಕಿ. ಹಾವು ಒಳಗಿದ್ದಾಗ ಗೊತ್ತಾದರೆ ಸುಟ್ಟ ಗಾಯ. ಟಬ್ ತಯಾರಾದ ಮೇಲೆ ಹಾವು ತನ್ನಿ, ಹಾವು ಬಂದ ಮೇಲೆ ಟಬ್ ಹುಡುಕಬೇಡಿ.

ಒಂದು ಟಬ್‌ಗೆ ಒಂದೇ ಹಾವು. ಬಿಟ್ಟ ಮೇಲೆ ಒಂದು ವಾರ ಮುಟ್ಟಬೇಡಿ, ನೀರು ಬದಲಿಸಿ ಸುಮ್ನೆ ಇರಿ. ಹೊಲಸು ಕಂಡ ದಿನವೇ ತೆಗೆಯಿರಿ. ತಿಂಗಳಿಗೊಮ್ಮೆ ಸೋಪಿನಿಂದ ಪೂರ್ತಿ ತೊಳೆದು, ಚೆನ್ನಾಗಿ ಒಣಗಿಸಿ. ಆಗಲೇ ಮೂಲೆಗಳನ್ನು, ಕ್ಲಿಪ್ ಕೂರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಬಿಳಚಿಕೊಂಡು ಕೂದಲೆಳೆಯಂಥ ಗೆರೆ ಬಂದಿದ್ದರೆ ಆ ಬಾಕ್ಸ್‌ನ ಕೆಲಸ ಮುಗಿಯಿತು. ಈರುಳ್ಳಿ ಇಡಲು ಕೊಟ್ಟುಬಿಡಿ.

ರಾತ್ರಿ ಒಮ್ಮೆ ದೀಪ ಆರಿಸಿ ಟಬ್ ಪಕ್ಕ ಕೂತು ನೋಡಿ. ಹಾವು ಮೆಲ್ಲಗೆ ಸುತ್ತಾಡಿ, ನೀರು ಕುಡಿದು, ಗೂಡಿಗೆ ಮರಳಿದರೆ ಎಲ್ಲ ಸರಿ ಇದೆ. ಒಂದೇ ಮೂಲೆಗೆ ಮೂಗು ಉಜ್ಜುತ್ತಾ, ಗಂಟೆಗಟ್ಟಲೆ ಮುಚ್ಚಳ ನೂಕುತ್ತಿದ್ದರೆ, ಮೂಗಿನ ತುದಿ ಕೆಂಪಾಗಿದ್ದರೆ ಏನೋ ಸರಿ ಇಲ್ಲ. ಮೊದಲು ಥರ್ಮಾಮೀಟರ್ ನೋಡಿ. ಶಾಖ ಸರಿ ಇದ್ದರೆ ಗೂಡು ಸಾಲುತ್ತಿಲ್ಲವಾ ನೋಡಿ. ಅದೂ ಸರಿ ಇದ್ದರೆ ಟೇಪು ತಗೊಂಡು ಹಾವಿನ ಉದ್ದ ಇನ್ನೊಮ್ಮೆ ಅಳೆಯಿರಿ.